ಮದುವೆಯಾಗುವ ‘ಇಬ್ಬರು’ ಯಾರು? ಐರ್ಲೆಂಡಿನ ಒಂದು ತಕರಾರು

ಐರಿಷ್ ಭಾಷೆಯಲ್ಲಿ ಜೋಡಿಗೆ ‘ಲಾನೂನ್’ ಅನ್ನುತ್ತಾರೆ. ಗಂಡ-ಹೆಂಡತಿಗೂ ಸಲ್ಲುತ್ತದೆ, ಪ್ರೇಮಿಗಳಿಗೂ ಸಲ್ಲುತ್ತದೆ. ಸುಮಾರು ಕ್ರಿ.ಶ. 700ರ ‘ಕಾನ್ ಲಾನವ್ನ’ ಎಂಬ ಕಾನೂನು ಗ್ರಂಥದ ಹೆಸರಿನಲ್ಲೂ ಇರುವುದು ಇದೇ ಮೂಲದ ಮಾತು. ಆ ಗ್ರಂಥದ ಲೆಕ್ಕದಲ್ಲಿ ಒಡೆಯ-ಒಕ್ಕಲು, ಗುರು-ಶಿಷ್ಯರೂ ಜೋಡಿಯೇ. ಗಂಡು-ಹೆಣ್ಣಿನ ವಿಚಾರಕ್ಕೆ ಬಂದರೆ ಪ್ರೀತಿಗಿಂತ ಆಸ್ತಿಯದೇ ಮಾತು: ಯಾರು ಏನು ತಂದರು, ಬೇರೆಯಾದರೆ ಯಾರಿಗೆಷ್ಟು. ಹೆಂಡತಿ ನೇಯ್ದ ಬಟ್ಟೆಯಲ್ಲಿ ಅರ್ಧ ಅವಳದು. ಉಣ್ಣೆ ಇನ್ನೂ ತುಪ್ಪಟವಾಗಿಯೇ ಇದ್ದರೆ ಪಾಲು ಕಡಿಮೆ. ದುಡಿದಷ್ಟು ಹಕ್ಕು. ಕ್ರೈಸ್ತ ನಾಡಾಗಿದ್ದರೂ ವಿಚ್ಛೇದನಕ್ಕೆ ಅಲ್ಲಿ ಅಡ್ಡಿಯಿರಲಿಲ್ಲ.

17ನೇ ಶತಮಾನದಲ್ಲಿ ಇಂಗ್ಲಿಷ್ ಆಳ್ವಿಕೆ ಬಿಗಿಯಾದಂತೆ ಈ ಕಾನೂನು ಮೂಲೆ ಸೇರಿತು. ಸ್ವತಂತ್ರ ಐರ್ಲೆಂಡ್ 1937ರ ಸಂವಿಧಾನದಲ್ಲಿ ವಿಚ್ಛೇದನವನ್ನೇ ನಿಷೇಧಿಸಿತು. 1986ರಲ್ಲಿ ಜನರೂ ಅದಕ್ಕೇ ಮುದ್ರೆ ಒತ್ತಿದರು. ನಿಷೇಧ ಬಿದ್ದದ್ದು 1995ರ ಜನಮತದಲ್ಲಿ, ಅದೂ ಶೇ 50.28 ಮತಗಳ ಕೂದಲೆಳೆ ಅಂತರದಲ್ಲಿ.

2015ರಲ್ಲಿ ಸಲಿಂಗ ವಿವಾಹದ ಸರದಿ. ಆ ದೇಶದ ಸಂವಿಧಾನ ಐರಿಷ್, ಇಂಗ್ಲಿಷ್ ಎರಡರಲ್ಲೂ ಇದೆ; ಎರಡಕ್ಕೂ ತಾಳೆಯಾಗದಿದ್ದರೆ ಐರಿಷ್ ಪಾಠವೇ ಅಂತಿಮ. ಬಹುಪಾಲು ಜನ ದಿನವಿಡೀ ಇಂಗ್ಲಿಷಿನಲ್ಲೇ ವ್ಯವಹರಿಸುವ ದೇಶದಲ್ಲಿ ಇದು ಅಲಂಕಾರದ ನಿಯಮ ಎಂದುಕೊಂಡಿದ್ದವರಿಗೆ ಆಗ ಬಿಸಿ ಮುಟ್ಟಿತು. ತಿದ್ದುಪಡಿಯ ಐರಿಷ್ ಕರಡು ‘ಲಾನೂನ್’ ಬಿಟ್ಟು ‘ಬೆರ್ಟ್’ ಎಂಬ ಪದ ಹಿಡಿದಿತ್ತು. ಮನುಷ್ಯರನ್ನು ಎಣಿಸಲು ನಮಗೆ ‘ಇಬ್ಬರು’ ಇದ್ದಂತೆ ಅವರಿಗೆ ‘ಬೆರ್ಟ್’. ಅದರಲ್ಲಿ ತೊಡಕಿರಲಿಲ್ಲ, ತೊಡಕಿದ್ದದ್ದು ಮುಂದಿನ ಮಾತಿನಲ್ಲಿ: ‘ಅವರು ಗಂಡಸರಾಗಲಿ, ಹೆಂಗಸರಾಗಲಿ’. ಇಬ್ಬರೂ ಗಂಡಸರು, ಇಲ್ಲವೇ ಇಬ್ಬರೂ ಹೆಂಗಸರು ಎಂದು ಓದಿದರೆ ಒಂದು ಗಂಡು ಒಂದು ಹೆಣ್ಣು ಮದುವೆಯಾಗುವುದು ಹೇಗೆ ಎಂದು ಟೀಕಾಕಾರರು ಕೇಳಿದರು. ಕುಚೋದ್ಯದಂತೆ ಕಂಡರೂ ನ್ಯಾಯಾಲಯದ ಮೆಟ್ಟಿಲೇರಬಹುದಾದ ಪ್ರಶ್ನೆಯೇ ಅದು. ಸರ್ಕಾರ ಮೊದಲು ಕರಡನ್ನು ಸಮರ್ಥಿಸಿಕೊಂಡು, ಕೊನೆಗೆ ‘ಲಿಂಗಭೇದವೆಣಿಸದೆ ಇಬ್ಬರು’ ಎಂಬರ್ಥದ ವಾಕ್ಯಕ್ಕೆ ಬಂತು.

ಮೇ 22ರಂದು ಶೇ 62ರಷ್ಟು ಮತದಾರರು ಒಪ್ಪಿದರು. ಅದೇ ನವೆಂಬರಿನಿಂದ ಹೊಸ ಕಾನೂನಿನಡಿ ಮದುವೆಗಳು ಶುರುವಾದವು.