ವಾಸಿಯಾದದ್ದು ಇಲಿಗೆ ಮಾತ್ರ

ಮೂರು ಕೋಣೆಯ ಒಂದು ಪೆಟ್ಟಿಗೆ. ನಡುವಿನ ಕೋಣೆಯಲ್ಲಿ ಒಂದು ಇಲಿ. ಒಂದು ಪಕ್ಕದಲ್ಲಿ ಪಂಜರದೊಳಗೆ ಇನ್ನೊಂದು ಇಲಿ, ಮತ್ತೊಂದು ಪಕ್ಕದಲ್ಲಿ ಖಾಲಿ ಪಂಜರ. ಸಾಮಾನ್ಯವಾಗಿ ಇಲಿ ಜೊತೆಗಾರನ ಹತ್ತಿರವೇ ಜಾಸ್ತಿ ಹೊತ್ತು ಸುಳಿದಾಡುತ್ತದೆ. ಸುಳಿಯದಿದ್ದರೆ ಅದರಲ್ಲಿ ಆಟಿಸಂ ಹೋಲುವ ಲಕ್ಷಣ ಇದೆ ಎಂದು ಬರೆದುಕೊಳ್ಳುತ್ತಾರೆ. ಅಮೆರಿಕದ ಜಾಕ್ವೆಲಿನ್ ಕ್ರಾಲಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಈ ಪರೀಕ್ಷೆ ಇವತ್ತಿಗೂ ಚಾಲ್ತಿಯಲ್ಲಿದೆ. ಇಲಿಯನ್ನು ಕೂರಿಸಿ ಮಾತಾಡಿಸೋಕೆ ಆಗಲ್ಲ, ಅಲ್ವಾ?

ಇಲಿಗಳ ಕಥೆ ಇದಕ್ಕೂ ಹಿಂದಿನದು. 1991ರಲ್ಲಿ ಎಕ್ಸ್ ಕ್ರೋಮೋಸೋಮಿನ ಎಫ್‌ಎಂಆರ್‌1 ಜೀನ್ ಪತ್ತೆಯಾಯಿತು. ಅದರಲ್ಲಿ ಸಿಜಿಜಿ ಎಂಬ ಡಿಎನ್‌ಎಯ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನವರಲ್ಲಿ ಸುಮಾರು 30 ಸಲ. 200 ದಾಟಿದರೆ ಜೀನ್ ಕೆಲಸ ನಿಲ್ಲಿಸುತ್ತದೆ. ಇದರಿಂದ ಬರುವ, ಬುದ್ಧಿ ಬೆಳವಣಿಗೆಗೆ ಅಡ್ಡಿಯಾಗುವ ತೊಂದರೆಯೇ ಫ್ರಜೈಲ್ ಎಕ್ಸ್. ಒಂದೇ ಜೀನಿನಿಂದ ಬರುವ ಆಟಿಸಂನಲ್ಲಿ ಇದರ ಪಾಲೇ ದೊಡ್ಡದು. 1994ರಲ್ಲಿ ಡಚ್ ಮತ್ತು ಬೆಲ್ಜಿಯಂ ವಿಜ್ಞಾನಿಗಳು ಇಲಿಯಲ್ಲಿ ಈ ಜೀನನ್ನು ಕೆಡಿಸಿದರು. ಮೂರಕ್ಷರದ ಸಾಲನ್ನು ಉದ್ದ ಮಾಡಲಿಲ್ಲ, ಜೀನನ್ನೇ ಮುರಿದರು. ಅಲ್ಲೇ ಮನುಷ್ಯನಿಗೂ ಇಲಿಗೂ ಮೊದಲ ವ್ಯತ್ಯಾಸ.

ಜೋರು ಸದ್ದಾದರೆ ಈ ಇಲಿಗಳಿಗೆ ಫಿಟ್ಸ್ ಬರುತ್ತಿತ್ತು. ಮಿದುಳಿನ ಎಂಗ್ಲುಆರ್‌5 ಎಂಬ ರಿಸೆಪ್ಟರಿನ (ನರಕೋಶ ಸಂಕೇತ ಹಿಡಿಯಲು ಬಳಸುವ ಪ್ರೋಟೀನ್) ಅಬ್ಬರವೇ ತೊಂದರೆಯ ಮೂಲ ಎಂದು ನರವಿಜ್ಞಾನಿ ಮಾರ್ಕ್ ಬೇರ್ ತಂಡ ವಾದಿಸಿತು. 2007ರಲ್ಲಿ ಅದೇ ತಂಡ ಎಂಐಟಿಯಲ್ಲಿ ಆ ರಿಸೆಪ್ಟರ್ ಅರ್ಧಕ್ಕರ್ಧ ಕಡಿಮೆ ಇರುವ ಇಲಿಗಳನ್ನು ಹುಟ್ಟಿಸಿತು. ಫಿಟ್ಸ್ ತಗ್ಗಿತು, ನರಕೋಶಗಳ ಕವಲುಗಳ ಮೇಲಿನ ಸಣ್ಣ ಮುಳ್ಳುಗಳೂ ಸುಧಾರಿಸಿದವು. ಜೀನ್ ಕೆಟ್ಟದ್ದರಿಂದ ದಪ್ಪಗಾಗಿದ್ದ ವೃಷಣ ಮಾತ್ರ ಹಾಗೇ ಉಳಿಯಿತು!

ಕಂಪನಿಗಳು ಸುಮ್ನೆ ಕೂರಲಿಲ್ಲ. ನೋವಾರ್ಟಿಸ್ ಇದೇ ರಿಸೆಪ್ಟರನ್ನು ತಗ್ಗಿಸುವ ಮ್ಯಾವೊಗ್ಲುರಾಂಟ್ ಔಷಧವನ್ನು ರೋಗಿಗಳ ಮೇಲೆ ಪರೀಕ್ಷಿಸಿತು. ಡಮ್ಮಿ ಮಾತ್ರೆಗಿಂತ ಮೇಲು ಅನ್ನಿಸಲಿಲ್ಲ. 2014ರಲ್ಲಿ ಫ್ರಜೈಲ್ ಎಕ್ಸ್‌ಗೆ ಅದನ್ನು ಬಳಸುವ ಯೋಜನೆ ನಿಂತಿತು. ಇಲಿಯನ್ನು ಬೈಯುವುದು ಸುಲಭ. ಆದರೆ ಇಲಿಗಳಿಗೆ ಬದಲಾವಣೆ ಹುಟ್ಟುವ ಮೊದಲೇ ಆಗಿತ್ತು. ಮಾತ್ರೆ ನುಂಗಿದವರು 12 ವರ್ಷ ದಾಟಿದವರು. ಫಲಿತಾಂಶ ಅಳೆದದ್ದು ಮನೆಯವರು ತುಂಬಿದ ಪ್ರಶ್ನಾವಳಿಯಿಂದ. ಎರಡನ್ನೂ ಒಂದೇ ಪ್ರಯೋಗ ಅನ್ನೋದು ನನಗಂತೂ ಕಷ್ಟ.

ವಯಸ್ಸಿನ ಈ ಪ್ರಶ್ನೆಗೆ ಬೆಂಗಳೂರಿನ ನಂಟೂ ಇದೆ. ಎಡಿನ್‌ಬರ್ಗ್ ವಿಜ್ಞಾನಿಗಳು ಇಲ್ಲಿನ ಕಾಂಡಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್ ಜೊತೆ ಸೇರಿ, ರ್ಯಾಟ್ ಎನ್ನುವ ದೊಡ್ಡ ಇಲಿಗಳಲ್ಲಿ ಕೆಲಸ ಮಾಡಿದರು. ಎಫ್‌ಎಂಆರ್‌1 ಇಲ್ಲದ ರ್ಯಾಟ್‌ಗಳಿಗೆ ಐದನೇ ವಾರದಿಂದ ಒಂಬತ್ತನೇ ವಾರದವರೆಗೆ ಮಾತ್ರ ಲೋವಾಸ್ಟಾಟಿನ್ ಕೊಟ್ಟರು. ಕೊಲೆಸ್ಟ್ರಾಲಿಗೆ ಕೊಡುವ ಹಳೆಯ ಮಾತ್ರೆಯೇ ಅದು. 2019ರಲ್ಲಿ ಫಲಿತಾಂಶ ಬಂತು. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಅವುಗಳ ಕಲಿಕೆ ಸರಿಯಾಗೇ ಇತ್ತು. ಆದರೆ ಐದು ವಾರದ ರ್ಯಾಟ್ ಅಂದರೆ ಎಷ್ಟು ವರ್ಷದ ಮಗು? ಅದಕ್ಕೆ ನೇರ ಲೆಕ್ಕ ಇಲ್ಲ.