ರಾಜ್, ವಿಷ್ಣು, ಅಂಬಿ: ದೊಡ್ಡ ನಟ ಯಾರು ಅಂತ ಹೇಳೋದು ಹೇಗೆ?

ಪ್ರಶ್ನೆ: ನಮ್ಮೂರ ಟೀ ಅಂಗಡಿ ಮುಂದೆ ಈ ವಾದ ಮುಗಿಯೋದೇ ಇಲ್ಲ. ಅಣ್ಣಾವ್ರು ದೊಡ್ಡ ನಟರಾ, ವಿಷ್ಣುವರ್ಧನ್ ದೊಡ್ಡವರಾ? ಅಂಬರೀಶಣ್ಣನ್ನ ಎಲ್ಲಿ ಇಡಬೇಕು? ಇದಕ್ಕೆ ಏನಾದ್ರೂ ಅಳತೆ ಅಂತ ಇದೆಯಾ, ಇಲ್ಲಾ ಅವರವರ ಅಭಿಮಾನ ಅಷ್ಟೇನಾ? (ಮದ್ದೂರು ಕಡೆಯ ಓದುಗರೊಬ್ಬರು)

ಉತ್ತರ: ಮೂವರ ಪೈಕಿ ನಟನೆಯ ಮಾತಿಗೆ ಬಂದರೆ ರಾಜ್‌ಕುಮಾರ್ ಮುಂದೆ. ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ, ಕಾರಣ ಮುಂದೆ ಹೇಳುತ್ತೇನೆ. ಆದರೆ ನಮ್ಮ ಕಡೆ ಈ ವಾದ ಎದ್ದಾಗಲೆಲ್ಲ ಮೂರೇ ಹೆಸರು ಓಡಾಡುವುದು ನನಗೆ ಸಂಕಟದ ವಿಷಯ. ಮೈಸೂರಲ್ಲೇ ಹುಟ್ಟಿ, ಮೈಸೂರಲ್ಲೇ ಬಾಳಿ, ಮೈಸೂರಲ್ಲೇ ಕಣ್ಣುಮುಚ್ಚಿದ ಕೆ.ಎಸ್. ಅಶ್ವಥ್ ಅವರನ್ನು ಯಾರೂ ಎತ್ತುವುದೇ ಇಲ್ಲ. ನನ್ನನ್ನು ಕೇಳಿದರೆ ರಾಜ್ ಪಕ್ಕದ ಕುರ್ಚಿ ಅವರದು.

ಇಲ್ಲಿ ಈ ವಾದ ಇಷ್ಟು ಬಿಸಿಯೇರುವುದಕ್ಕೆ ಕಾರಣವಿದೆ. ಅಂಬರೀಶ್ ನಿಮ್ಮ ತಾಲ್ಲೂಕಿನ ದೊಡ್ಡರಸಿನಕೆರೆಯವರು, ಪಿಟೀಲು ಚೌಡಯ್ಯನವರ ಮೊಮ್ಮಗ. ವಿಷ್ಣುವರ್ಧನ್ 1950ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, 2009ರ ಡಿಸೆಂಬರ್ 30ರಂದು ಮೈಸೂರಿನಲ್ಲೇ ತೀರಿಕೊಂಡರು, ಈಗ ಅವರ ಸ್ಮಾರಕ ಇರುವುದೂ ಮೈಸೂರಿನ ಪಕ್ಕದ ಹಾಲಾಳಿನಲ್ಲಿ. ರಾಜ್‌ಕುಮಾರ್ ಅವರ ಗಾಜನೂರು ಚಾಮರಾಜನಗರದ ಗಡಿಗೆ ಅಂಟಿಕೊಂಡ ಊರು. ಅವರಿಗೆ 1976ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಮೈಸೂರು ವಿಶ್ವವಿದ್ಯಾನಿಲಯ. ಮೂವರೂ ಮನೆಯವರೇ. ಮನೆಯವರನ್ನು ತೂಗುವಾಗ ಕೈ ನಡುಗುತ್ತದೆ.

ಹಾಗಾಗಿ ಮೊದಲು ಎರಡು ಪ್ರಶ್ನೆಗಳನ್ನು ಬಿಡಿಸಿ ಇಟ್ಟುಕೊಳ್ಳಬೇಕು. ಜನ ಯಾರನ್ನು ಹೆಚ್ಚು ಪ್ರೀತಿಸಿದರು ಅನ್ನುವುದು ಒಂದು. ಪಾತ್ರದ ಒಳಗೆ ಯಾರು ಆಳಕ್ಕೆ ಇಳಿದರು ಅನ್ನುವುದು ಇನ್ನೊಂದು. 2018ರ ನವೆಂಬರ್‌ನಲ್ಲಿ ಅಂಬರೀಶ್ ಅವರ ಪಾರ್ಥಿವ ಶರೀರವನ್ನು ಮಂಡ್ಯಕ್ಕೆ ತಂದು ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಇಟ್ಟಾಗ ಸೇರಿದ ಜನರ ದುಃಖ ಬರೀ ಸಿನಿಮಾ ನೋಡಿ ಬಂದದ್ದಲ್ಲ. ಆ ಒರಟು ಮಾತಿನ ಹಿಂದಿದ್ದ ಅಕ್ಕರೆ, ಕೇಳಿದವರಿಗೆ ಇಲ್ಲ ಅನ್ನದ ಕೈ, ಕಾವೇರಿ ವಿಚಾರಕ್ಕೆ ಕೇಂದ್ರದ ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟದ್ದು, ಎಲ್ಲವೂ ಅದರಲ್ಲಿ ಸೇರಿತ್ತು. ಅಂಥ ಪ್ರೀತಿ ಕೋಟಿಗೊಬ್ಬರಿಗೆ ಸಿಗುವಂಥದ್ದು. ಆದರೆ ಅದನ್ನು ನಟನೆಯ ತಕ್ಕಡಿಗೆ ಹಾಕಿದರೆ ಲೆಕ್ಕ ತಪ್ಪುತ್ತದೆ.

ಪ್ರಶಸ್ತಿಗಳನ್ನು ನೋಡಿ ತೀರ್ಮಾನಿಸಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ನೋಡೋಣ. ಕನ್ನಡ ಚಿತ್ರದ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟರ ಸಾಲಿನಲ್ಲಿ ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾವ್, ‘ತಬರನ ಕಥೆ’ಯ ಚಾರುಹಾಸನ್, ‘ನಾನು ಅವನಲ್ಲ ಅವಳು’ ಚಿತ್ರದ ಸಂಚಾರಿ ವಿಜಯ್, ‘ಕಾಂತಾರ’ದ ರಿಷಬ್ ಶೆಟ್ಟಿ ಇದ್ದಾರೆ. ರಾಜ್‌ಕುಮಾರ್ ಇಲ್ಲ. ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ‘ಜೀವನ ಚೈತ್ರ’ದ ಹಾಡಿಗೆ, ಗಾಯಕನಾಗಿ! ಆಮೇಲೆ 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು, ಅದು ಇಡೀ ಬಾಳಿನ ದುಡಿಮೆಗೆ ಸಲ್ಲುವಂಥದ್ದು. ಹಾಗಂತ ತೀರ್ಪುಗಾರರು ಅನ್ಯಾಯ ಮಾಡಿದರು ಅನ್ನಲಾರೆ. ವಾಸುದೇವರಾವ್ ಅವರ ಚೋಮ ಎಂಥ ಪಾತ್ರ! ದುಡಿ ಬಾರಿಸುವ ಆ ಕೈಗಳಲ್ಲೇ ಒಂದು ಜನ್ಮದ ಸಿಟ್ಟು ಕಾಣುತ್ತದೆ. ಪ್ರಶಸ್ತಿ ಆ ವರ್ಷದ ಒಂದು ಪಾತ್ರವನ್ನು ನೋಡುತ್ತದೆ. ನೀವು ಕೇಳುತ್ತಿರುವುದು ಇಡೀ ಬಾಳಿನ ನಟನೆಯ ಮಾತು.

ಹಾಗಾದರೆ ಅಳತೆ ಯಾವುದು? ಆಲೆಮನೆಯಲ್ಲಿ ಪಾಕ ಹದಕ್ಕೆ ಬಂತೋ ಇಲ್ಲವೋ ಅಂತ ಮೀಟರ್ ಇಟ್ಟು ನೋಡುವುದಿಲ್ಲ, ಆದರೂ ಬಲ್ಲವರ ಕಣ್ಣಿಗೆ ಅದು ತಪ್ಪುವುದಿಲ್ಲ. ನಟನೆಗೂ ಅಂಥ ಗುರುತುಗಳಿವೆ. ಮಾತಿಲ್ಲದ ಹೊತ್ತಿನಲ್ಲಿ ನಟ ಏನು ಮಾಡುತ್ತಾನೆ ಅಂತ ನಾನು ಮೊದಲು ನೋಡುತ್ತೇನೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಮನುಷ್ಯರನ್ನು ಆತ ನಂಬಿಸಬಲ್ಲನೇ ಅನ್ನುವುದು ಆಮೇಲೆ. ಬಹಳ ಜನ ಗಮನಿಸದ ಒಂದು ಗುರುತು ಇನ್ನೂ ಇದೆ: ಎದುರಿಗಿರುವ ನಟ ಆತನ ಜೊತೆಯಲ್ಲಿ ಬೆಳೆಯುತ್ತಾನೋ, ಕುಗ್ಗುತ್ತಾನೋ?

ರಾಜ್‌ಕುಮಾರ್ ಬಂದದ್ದು ಗುಬ್ಬಿ ಕಂಪನಿಯ ನಾಟಕಗಳಿಂದ. ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳುವ ಹಾಗೆ ಮಾತಾಡುವುದು, ಹಾಡುವುದು, ಕೈಯೆತ್ತಿ ನಿಲ್ಲುವುದು ಆ ಪಾಠ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಆ ಕಂಪನಿಯ ಮೈಕಟ್ಟು, ಆ ಗಂಟಲು ಹಾಗೇ ಇದೆ. 1971ರ ‘ಕಸ್ತೂರಿ ನಿವಾಸ’ಕ್ಕೆ ಬನ್ನಿ. ಅದೇ ಮನುಷ್ಯ ದನಿ ಇಳಿಸಿದ್ದಾರೆ. ಕೊಟ್ಟೇ ಅಭ್ಯಾಸವಿದ್ದ ಸಿರಿವಂತ, ಎಲ್ಲ ಕಳೆದುಕೊಂಡ ಮೇಲೆ ಮನೆಗೆ ಬಂದವಳಿಗೆ ಊಟ ಹಾಕಲು ತಾನು ಸಾಕಿದ ಪಾರಿವಾಳವನ್ನೇ ಮಾರಿಬಿಡುತ್ತಾನೆ. ಅವಳು ಬಂದಿರುವುದೇ ಮಗುವಿಗಾಗಿ ಆ ಪಾರಿವಾಳವನ್ನು ಕೇಳಲು ಅಂತ ಗೊತ್ತಾಗುವ ಗಳಿಗೆ ಇದೆಯಲ್ಲ, ಅಲ್ಲಿ ಬೇರೆ ಯಾರಾದರೂ ಅರಚಿ ಅತ್ತುಬಿಡುತ್ತಿದ್ದರು. ರಾಜ್ ಮುಖದಲ್ಲಿ ಮೊದಲು ಕಾಣುವುದು ನಾಚಿಕೆ. ಕೊಡಲು ಇಲ್ಲವಲ್ಲ ಅನ್ನುವ ನಾಚಿಕೆ. ಸಾವು ಆಮೇಲೆ ಬರುತ್ತದೆ. ಆ ನಾಚಿಕೆಯನ್ನು ಹುಡುಕಿದ್ದು ನಟ.

ಇನ್ನು ‘ಬಭ್ರುವಾಹನ’. ನಮ್ಮ ಹುಣಸೂರಿನ ಕೃಷ್ಣಮೂರ್ತಿಯವರು 1977ರಲ್ಲಿ ಮಾಡಿದ ಚಿತ್ರ. ಅಪ್ಪ ಅರ್ಜುನ, ಮಗ ಬಭ್ರುವಾಹನ, ಎರಡೂ ರಾಜ್. ಎದುರುಬದುರು ನಿಂತು ಮಾತಿಗೆ ಮಾತು ಬೆಳೆಸುವ ದೃಶ್ಯದಲ್ಲಿ ಕಣ್ಣು ಮುಚ್ಚಿಕೊಂಡು ಕೇಳಿದರೂ ಯಾರು ಅಪ್ಪ, ಯಾರು ಮಗ ಅಂತ ತಿಳಿಯುತ್ತದೆ. ಅರ್ಜುನನ ದನಿಯಲ್ಲಿ ಗೆದ್ದು ಗೆದ್ದು ಬಂದ ಅಹಂಕಾರ, ಮಗನ ದನಿಯಲ್ಲಿ ತಾಯಿಯ ಹೆಸರಿಗೆ ಮಸಿ ಬಿದ್ದ ಉರಿ. ಇದೇ ಮನುಷ್ಯ 1968ರಲ್ಲಿ ‘ಜೇಡರ ಬಲೆ’ಯಲ್ಲಿ ಪಿಸ್ತೂಲು ಹಿಡಿದ ಪತ್ತೇದಾರ, 1972ರಲ್ಲಿ ‘ಬಂಗಾರದ ಮನುಷ್ಯ’ನ ರೈತ. ಅವರಿಗೆ ಮಿತಿ ಇರಲಿಲ್ಲವೇ? ಇತ್ತು. ಕುಡಿತ, ಸಿಗರೇಟು, ಕೇಡಿತನ ಇವನ್ನು ತೆರೆಯ ಮೇಲೆ ಬಹುಮಟ್ಟಿಗೆ ದೂರವಿಟ್ಟರು. ಜನ ತನ್ನನ್ನು ನೋಡಿ ಕಲಿಯುತ್ತಾರೆ ಅನ್ನುವ ಎಚ್ಚರ ಅದು. ಆ ಎಚ್ಚರವನ್ನು ಗೌರವಿಸುತ್ತೇನೆ, ಆದರೆ ಅದರಿಂದ ಕೆಲವು ದೊಡ್ಡ ಪಾತ್ರಗಳು ಅವರ ಕೈಗೆ ಬರದೇ ಹೋದವು ಅನ್ನುವುದನ್ನೂ ಒಪ್ಪಬೇಕು. ಇಷ್ಟೆಲ್ಲ ಕಳೆದ ಮೇಲೂ ಉಳಿಯುವುದು ಬೇರೆಯವರ ಮೊತ್ತಕ್ಕಿಂತ ಹೆಚ್ಚು.

ಈಗ ‘ನಾಗರಹಾವು’ ನೋಡಿ. ನಿಮ್ಮ ಜಗಳವನ್ನು ತೀರಿಸಲು ಅದಕ್ಕಿಂತ ಒಳ್ಳೆಯ ಚಿತ್ರವಿಲ್ಲ. 1972ರಲ್ಲಿ ಬಂದದ್ದು, ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಿಂದ ಬಂದ ಪುಟ್ಟಣ್ಣನವರ ನಿರ್ದೇಶನ, ತ.ರಾ.ಸು. ಅವರ ಕಥೆ. ರಾಮಾಚಾರಿಯಾಗಿ ವಿಷ್ಣು, ಬೀದಿಯಲ್ಲಿ ಹುಡುಗಿಯನ್ನು ಕಾಡುವ ಜಲೀಲನಾಗಿ ಅಂಬರೀಶ್. ಇಬ್ಬರಿಗೂ ಹೊಸ ರಕ್ತ. ವಿಷ್ಣು ಅವರ ಕಣ್ಣಲ್ಲಿ ನಿಜವಾಗಿಯೂ ಹಾವು ಹೆಡೆಯೆತ್ತಿದಂತಿದೆ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಸಿಟ್ಟು ನಮಗೆ ನೋವಾಗಿ ತಟ್ಟುವುದು ಯಾವಾಗ? ಚಾಮಯ್ಯ ಮೇಷ್ಟ್ರು ಎದುರಿಗೆ ಬಂದಾಗ. ಅಶ್ವಥ್ ಅಲ್ಲಿ ಗದರುವುದು ಕಡಿಮೆ. ಹುಡುಗನನ್ನು ಸುಮ್ಮನೆ ನೋಡುತ್ತಾರೆ, ಆ ನೋಟಕ್ಕೆ ರಾಮಾಚಾರಿ ಕರಗುತ್ತಾನೆ. ಎದುರಿಗಿದ್ದವರನ್ನು ಬೆಳೆಸುವುದು ಅಂದೆನಲ್ಲ, ಅದು ಇದೇ. ವಿಷ್ಣುವರ್ಧನ್ ತಾರೆಯಾಗಿ ಹುಟ್ಟಿದ ಚಿತ್ರದ ಅರ್ಧ ತೂಕವನ್ನು ಹೊತ್ತವರು ಅಶ್ವಥ್.

ಅವರು ನಾಯಕರಾಗಿ ಮೆರೆಯಲಿಲ್ಲ. ಪೌರಾಣಿಕಗಳಲ್ಲಿ ನಾರದ, ಸಾಮಾಜಿಕಗಳಲ್ಲಿ ಅಪ್ಪ, ಮೇಷ್ಟ್ರು, ಅಣ್ಣ. ನಮ್ಮ ಮನೆಗಳ ಗೋಡೆಯ ಮೇಲೆ ಅವರ ಕ್ಯಾಲೆಂಡರ್ ತೂಗಲಿಲ್ಲ, ಥಿಯೇಟರ್ ಮುಂದೆ ಅವರ ಕಟೌಟ್ ನಿಲ್ಲಲಿಲ್ಲ. ಆದರೂ ಮೈಸೂರು ಸೀಮೆಯ ಮಧ್ಯಮ ವರ್ಗದ ಒಬ್ಬ ತಂದೆ ಹೇಗೆ ಕೆಮ್ಮುತ್ತಾನೆ, ಸಾಲ ಕೇಳುವ ಮುಂಚೆ ಹೇಗೆ ಶಲ್ಯ ಸರಿಮಾಡಿಕೊಳ್ಳುತ್ತಾನೆ ಅಂತ ತಿಳಿಯಬೇಕಿದ್ದರೆ ಅವರ ಚಿತ್ರಗಳನ್ನೇ ನೋಡಬೇಕು. 2010ರ ಜನವರಿ 18ರಂದು ಅವರು ಹೋದರು. ರಾಮಾಚಾರಿ ಹೋಗಿ ಮೂರು ವಾರವೂ ಆಗಿರಲಿಲ್ಲ, ಅದೇ ಊರಿನಲ್ಲಿ ಮೇಷ್ಟ್ರೂ ಹೋದರು. ಆ ದಿನಗಳು ಮೈಸೂರಿಗರಿಗೆ ನೆನಪಿರುತ್ತವೆ.

ವಿಷ್ಣು ಅಭಿಮಾನಿಗಳಿಗೆ ಒಂದು ಮಾತು. ನಿಮ್ಮ ನಾಯಕನ ಹಿರಿಮೆಯನ್ನು ಸಾಹಸದ ಚಿತ್ರಗಳಿಂದ ಸಾಧಿಸಲು ಹೋಗಬೇಡಿ. ಮೊದಲ ಗೆಲುವಿನ ಸಿಟ್ಟು ಅವರ ಬೆನ್ನಿಗೆ ಬಹಳ ಕಾಲ ಅಂಟಿಕೊಂಡಿತು. ಅದನ್ನು ಕಳಚಿ ನಿಂತದ್ದು ‘ಬಂಧನ’ದ ವೈದ್ಯನಾಗಿ, ‘ಮುತ್ತಿನ ಹಾರ’ದ ಕೊಡವ ಯೋಧನಾಗಿ. ಎರಡೂ ಮೈಸೂರಿನ ರಾಜೇಂದ್ರಸಿಂಗ್ ಬಾಬು ಅವರ ಚಿತ್ರಗಳು. ಪ್ರೀತಿಯನ್ನು ಬಾಯಿಬಿಟ್ಟು ಹೇಳಲಾಗದೆ ಒಳಗೇ ನುಂಗುವ ಆ ಡಾಕ್ಟರ್ ಹರೀಶನನ್ನು ಮುಂದಿಟ್ಟು ವಾದಿಸಿದರೆ ನಾನೂ ನಿಮ್ಮ ಕಡೆ ಸ್ವಲ್ಪ ವಾಲುತ್ತೇನೆ.

ಅಂಬರೀಶ್ ವಿಷಯದಲ್ಲೂ ಅಷ್ಟೇ. ‘ಅಂತ’ದ ಕನ್ವರ್‌ಲಾಲ್ ಎಲ್ಲರ ಬಾಯಲ್ಲೂ ಇದ್ದಾನೆ, ಇರಲಿ. ಆದರೆ ಮಾತಿನ ಮಲ್ಲ ಅಂತ ಹೆಸರಾದ ಈ ಮನುಷ್ಯ ‘ಶುಭಮಂಗಳ’ದಲ್ಲಿ ಮಾತೇ ಬಾರದ ಮೂಗನಾಗಿ ಕಾಣಿಸಿಕೊಂಡದ್ದನ್ನು ಎಷ್ಟು ಜನ ನೆನೆಯುತ್ತಾರೆ? ಆಮೇಲೆ ‘ರಂಗನಾಯಕಿ’ ಬಂತು. ಪುಟ್ಟಣ್ಣನವರ ಕೈಯಲ್ಲಿ ಸಿಕ್ಕಿದಾಗಲೆಲ್ಲ ಅಂಬರೀಶ್ ಬೇರೆಯೇ ನಟ. ರೆಬೆಲ್ ಸ್ಟಾರ್ ಆದ ಮೇಲೆ ಅಂಥ ಪಾತ್ರಗಳು ಕಡಿಮೆಯಾದವು, ಅದು ಕನ್ನಡ ಚಿತ್ರರಂಗಕ್ಕಾದ ನಷ್ಟ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ಹೆಸರನ್ನು ಸೇರಿಸದೆ ಮುಗಿಸಲಾರೆ. ದೊಡ್ಡ ನಟರು ಅಂದ ತಕ್ಷಣ ಗಂಡಸರನ್ನಷ್ಟೇ ಎಣಿಸುತ್ತೇವೆ. ಮಂಡ್ಯದಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ಪುಟ್ಟಣ್ಣ 1971ರಲ್ಲಿ ತೆರೆಗೆ ತಂದರು. ಕಾವೇರಿಯಾಗಿ ಕಲ್ಪನಾ. ಹುಚ್ಚು ವಾಸಿಯಾಗಿ ಆಸ್ಪತ್ರೆಯಿಂದ ಮನೆಗೆ ಬಂದವಳನ್ನು ಮನೆಯವರೇ ನಂಬುವುದಿಲ್ಲ. ಅವಳು ನಕ್ಕರೂ ಹುಚ್ಚು, ಅತ್ತರೂ ಹುಚ್ಚು. ಅದು ಅವಳಿಗೆ ಅರ್ಥವಾಗುತ್ತಾ ಹೋದ ಹಾಗೆ ಕಲ್ಪನಾ ತಮ್ಮ ನಗುವನ್ನು ಅಳೆದು ನಗಲು ಶುರುಮಾಡುತ್ತಾರೆ. ಹೆಚ್ಚಾಯಿತೇನೋ ಅಂತ ನಡುವೆಯೇ ನಿಲ್ಲಿಸುತ್ತಾರೆ. ಮಾತಿಲ್ಲದ ಹೊತ್ತಿನ ನಟನೆಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಕಂಡಿಲ್ಲ. ‘ಕಸ್ತೂರಿ ನಿವಾಸ’ ಬಂದ ವರ್ಷವೇ ಇದೂ ಬಂತು. ಆ ಎರಡನ್ನೂ ಅಕ್ಕಪಕ್ಕ ಇಟ್ಟು ಯಾರು ಹೆಚ್ಚು ಅಂತ ಯಾರಾದರೂ ಕೇಳಿದರೆ, ನಾನು ಕಲ್ಪನಾ ಅಂತಲೇ ಹೇಳುತ್ತೇನೆ. ಟೀ ಅಂಗಡಿ ಮುಂದೆ ಈ ಮಾತು ಎತ್ತಿ ನೋಡಿ, ಯಾರು ಏನಂದರು ಅಂತ ಬರೆಯಿರಿ.