ಜಿನುಗು ಕೆರೆಗೆ 50 ವರ್ಷ: ಬರ, ಹೂಳು, ಗಿಡ

ಮಳೆಗಾಲ ಹತ್ತಿರ ಬಂದರೆ ಸಾಕು, ಪುಣೆ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು. ಈ ಭಾನುವಾರ ಯಾವ ಊರಿನ ಕೆರೆಗೆ ಹೋಗೋಣ, ಯಾವ ಗಿಡ ನೆಡೋಣ? ಚಿಂಚವಡ, ಕೋಥ್ರೂಡ್ ಕಡೆಯಿಂದ ಎರಡು ಮೂರು ಕಾರುಗಳು ಪುರಂದರ ತಾಲ್ಲೂಕಿನ ದಾರಿ ಹಿಡಿಯುತ್ತವೆ. ಜೊತೆಗೇ ವಾದವೂ ಶುರು. ಹೂಳು ತೆಗೆಯಲೇಬೇಕು ಅಂತ ಒಬ್ಬರು, ತೆಗೆದದ್ದೇ ಜಾಸ್ತಿಯಾಯಿತು ಅಂತ ಇನ್ನೊಬ್ಬರು. ಏರಿ ಮೇಲೆ ಮರ ಬೇಕು ಅಂತ ಒಬ್ಬರು, ಬೇಡವೇ ಬೇಡ ಅಂತ ಮತ್ತೊಬ್ಬರು. ಯಾರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ.

ತೀರಾ ಹಿಂದಕ್ಕೆ ಹೋದರೆ 12ನೇ ಶತಮಾನದ ಸೊನ್ನಲಿಗೆ, ಅಂದರೆ ಈಗಿನ ಸೊಲ್ಲಾಪುರ. ಶರಣ ಸಿದ್ಧರಾಮರು ಕಟ್ಟಿಸಿದ ಕೆರೆ ಇವತ್ತಿಗೂ ಊರ ನಡುವೆ ಇದೆ. 18ನೇ ಶತಮಾನದಲ್ಲಿ ಪೇಶ್ವೆಗಳು ಕಾತ್ರಜ್ ಕೆರೆಯಿಂದ ತಮ್ಮ ಅರಮನೆ ಶನಿವಾರವಾಡೆಯವರೆಗೆ ನೆಲದಡಿ ನೀರು ಹರಿಸಿದರು. ಆದರೆ ಪುಣೆಯ ಪೂರ್ವಕ್ಕೆ, ಮಳೆ ಕಡಿಮೆ ಇರುವ ಹಳ್ಳಿಗಳಲ್ಲಿ ನಾವು ನೋಡುವ ಬಹಳಷ್ಟು ಸಣ್ಣ ಕೆರೆಗಳು ಅಷ್ಟು ಹಳೆಯವಲ್ಲ. ಅವು 1972ರ ಬರದ ಕಾಲದವು, ಇಲ್ಲವೇ ಅದರ ನಂತರದವು.

ಆ ಬರದಲ್ಲಿ ಲಕ್ಷಾಂತರ ಜನ ಸರ್ಕಾರಿ ಕಾಮಗಾರಿಗಳಲ್ಲಿ ಕಲ್ಲು ಒಡೆದರು, ಮಣ್ಣು ಹೊತ್ತರು. ಅದೇ ಮುಂದೆ ಉದ್ಯೋಗ ಖಾತ್ರಿ ಯೋಜನೆಯಾಗಿ ಬೆಳೆದು, 1977ರಲ್ಲಿ ಮಹಾರಾಷ್ಟ್ರದಲ್ಲಿ ಕಾನೂನೂ ಆಯಿತು. ಆ ಕೂಲಿಯಿಂದ ಎದ್ದದ್ದೇ ಇಲ್ಲಿಯವರು ಪಾಝರ್ ತಲಾವ್ ಎನ್ನುವ ಜಿನುಗು ಕೆರೆಗಳು. ಇವುಗಳಿಗೆ ನಮ್ಮೂರ ಕೆರೆಗಳಂತೆ ಕಾಲುವೆ, ಅದರ ನೀರುಣ್ಣುವ ಅಚ್ಚುಕಟ್ಟು ಜಮೀನು ಇಲ್ಲ. ಹಳ್ಳಕ್ಕೆ ಅಡ್ಡ ಒಂದು ಮಣ್ಣಿನ ಏರಿ, ಬದಿಗೆ ಕೋಡಿ, ಅಷ್ಟೇ. ನಿಂತ ನೀರು ಗರಸು ಎನ್ನುವ ಸಡಿಲ ಕಲ್ಲುಮಣ್ಣಿನಲ್ಲಿ, ಕಪ್ಪು ಕಲ್ಲಿನ ಸೀಳುಗಳಲ್ಲಿ ಇಳಿದು ಕೆಳಗಿನ ಹೊಲಗಳ ಬಾವಿ ಸೇರಬೇಕು. ಹಾಗಾಗಿ ಈ ಕೆರೆ ಚಳಿಗಾಲ ಮುಗಿಯುವಷ್ಟರಲ್ಲಿ ಬತ್ತಿದರೆ ಗಾಬರಿ ಬೇಡ, ಅದು ತನ್ನ ಕೆಲಸ ಮಾಡಿದೆ. ಬೇಸಿಗೆಯಲ್ಲೂ ತುಂಬಿಕೊಂಡಿದ್ದರೇ ಅನುಮಾನ ಪಡಬೇಕು.

ಯಾಕೆ ಅನ್ನೋದನ್ನು ನನಗೆ ತೋರಿಸಿದ್ದು ನಾವು ಹೋಗುವ ಊರಿನ ಆಬಾ. 1972ರಲ್ಲಿ ಹುಡುಗನಾಗಿ ಅದೇ ಏರಿಗೆ ಬುಟ್ಟಿ ಹೊತ್ತವರು. ಮೇ ತಿಂಗಳ ಒಣ ಕೆರೆಯಂಗಳದಲ್ಲಿ ಒಂದು ಹೆಂಟೆ ಎತ್ತಿಕೊಂಡರು. ಮೇಲೆಲ್ಲ ಬಿರುಕು, ಮುರಿದರೆ ಒಳಗೆ ನುಣ್ಣನೆಯ ಕಪ್ಪು ಜೇಡಿ. ಅದನ್ನು ನೀರಲ್ಲಿ ಕಲಸಿ, ಬೊಗಸೆಗೆ ಮೆತ್ತಿ, ಮೇಲೆ ನನ್ನ ಬಾಟಲಿಯ ನೀರು ಹೊಯ್ಯಲು ಹೇಳಿದರು. ಒಂದು ಹನಿಯೂ ಸೋರಲಿಲ್ಲ. "ಬಗಾ, ಪಾಣೀ ಜಾಣಾರ್ ಕುಠಂ?" ಅಂದರು. ನೋಡಿ, ನೀರು ಹೋಗೋದಾದರೂ ಎಲ್ಲಿಗೆ ಅಂತ. ಹೂಳು ಕೂತರೆ ಕೆರೆಯ ತಳವೂ ಹೀಗೇ.

80, 90ರ ದಶಕಗಳು ಬೋರ್‌ವೆಲ್ ಮತ್ತು ಕಬ್ಬಿನ ಕಾಲ. ಬಾವಿ ಬತ್ತಿದರೆ ಇನ್ನೂ ಆಳಕ್ಕೆ ಕೊರೆದರು, ಕೆರೆ ಕಡೆ ನೋಡುವವರು ಕಡಿಮೆಯಾದರು. ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಾಜಾರ್ ಬೇರೆ ದಾರಿ ಹಿಡಿಯಿತು. ಬೇಸಾಯಕ್ಕೆ ಬೋರ್‌ವೆಲ್ ಬೇಡ, ಗುಡ್ಡದಲ್ಲಿ ದನ ಬಿಡುವುದು ಬೇಡ, ಮರ ಕಡಿಯುವುದು ಬೇಡ ಅಂತ ಊರೇ ಕೂತು ತೀರ್ಮಾನಿಸಿತು.

ಆಮೇಲೆ ಬಂತು ಜೆಸಿಬಿ ಕಾಲ. 2014ರ ಕೊನೆಗೆ ಹಳ್ಳಿಗಳಲ್ಲೇ ಮಳೆನೀರು ನಿಲ್ಲಿಸುವ ರಾಜ್ಯ ಸರ್ಕಾರದ ಜಲಯುಕ್ತ ಶಿವಾರ್ ಯೋಜನೆ, 2017ರಲ್ಲಿ ಹೂಳನ್ನು ರೈತರ ಹೊಲಕ್ಕೆ ಸಾಗಿಸುವ ಯೋಜನೆ. ಈ ಎರಡನೆಯದು ಒಳ್ಳೆಯ ಯೋಚನೆ ಎಂದೇ ನನ್ನ ಅನಿಸಿಕೆ. ಬರಡು ಹೊಲಕ್ಕೆ ಕೆರೆಮಣ್ಣು ಗೊಬ್ಬರವಿದ್ದ ಹಾಗೆ. ಆದರೆ ಹೂಳು ಮುಗಿದ ಮೇಲೂ ಬಕೆಟ್ ನಿಲ್ಲಲಿಲ್ಲ. ಎಷ್ಟೋ ಕಡೆ ಹಳ್ಳ, ಕೆರೆಗಳ ತಳದ ಗರಸನ್ನೂ ಬಗೆದರು. ಅತಿಯಾಗಿ ಆಳ ಮಾಡಿದರೆ ಸುತ್ತಲಿನ ಅಂತರ್ಜಲವೇ ಆ ಗುಂಡಿಗೆ ವಾಪಸ್ ಬಂದು ಬಿಸಿಲಿಗೆ ಆವಿಯಾಗುತ್ತದೆ. ಗುಂಡಿ ತುಂಬಿದೆ ಅಂತ ಫೋಟೋ ಬರುತ್ತದೆ, ಬಾವಿ ಇಳಿಯುತ್ತದೆ. ಜಲಯುಕ್ತ ಶಿವಾರ್‌ಗೆ 9,600 ಕೋಟಿ ರೂಪಾಯಿಗೂ ಜಾಸ್ತಿ ಖರ್ಚಾದರೂ ಅಂತರ್ಜಲ ನಿರೀಕ್ಷಿಸಿದಷ್ಟು ಏರಲಿಲ್ಲ ಎಂದು 2020ರಲ್ಲಿ ಸರ್ಕಾರಿ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ಹೇಳಿತು.

ಗಿಡಗಳದ್ದೂ ಇದೇ ಕಥೆ. 2016ರ ಜುಲೈ 1ರಂದು ರಾಜ್ಯದಲ್ಲಿ 2 ಕೋಟಿ ಗಿಡ ನೆಡುವ ಗುರಿಯಿತ್ತು, 2019ಕ್ಕೆ ಅದು 33 ಕೋಟಿಯಾಯಿತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಪುಣೆ ಸುತ್ತಲಿನ ಗುಡ್ಡಗಳಿಗೆ ಗ್ಲಿರಿಸಿಡಿಯಾ ಬಂದಿತ್ತು. ಮಧ್ಯ ಅಮೆರಿಕದ ಮರ, ಬೇಗ ಬೆಳೆಯುತ್ತದೆ, ನೋಡಲು ಹಸಿರು. ಅದರ ಕೆಳಗೆ ನಿಂತು ನೋಡಿ, ಹುಲ್ಲು ಸಿಗುವುದೇ ಅಪರೂಪ. ಗುಡ್ಡದ ಮಣ್ಣು ಹಿಡಿಯುವುದೇ ಹುಲ್ಲು ಅಲ್ವಾ? ಅದಿಲ್ಲದಿದ್ದರೆ ಮಳೆ ಮಣ್ಣನ್ನು ಕೆರೆಗೆ ತಂದು ಸುರಿಯುತ್ತದೆ, ಮತ್ತೆ ಹೂಳು.

ಏರಿಯ ವಿಷಯದಲ್ಲಿ ಮರ ಬೇಡ ಎನ್ನುವವರ ಮಾತು ಸರಿ. ಮರ ಸತ್ತು ಬೇರು ಕೊಳೆತರೆ ಅದೇ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಏರಿಗೆ ಹುಲ್ಲು ಸಾಕು. ನೀರಂಚಿಗೆ ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ. ಒಂದಷ್ಟು ದಿನ ನೀರಲ್ಲಿ ನಿಂತರೂ ತಡೆಯುವ ಕರಿಜಾಲಿ. ಮಣ್ಣು ಕೊಚ್ಚುವ ಕಡೆ ಲಕ್ಕಿ, ಅದನ್ನು ಆಡು ಮುಟ್ಟುವುದು ಕಡಿಮೆ. ಗುಡ್ಡಕ್ಕೆ ಬೇವು, ಕಮರ.

ಆದರೆ ಗುಡ್ಡ ಎಷ್ಟೋ ಕಡೆ ಅರಣ್ಯ ಇಲಾಖೆಯದ್ದು, ಸಣ್ಣ ಕೆರೆ ಜಿಲ್ಲಾ ಪರಿಷತ್ತಿನದ್ದು, ಬಾವಿ ರೈತರದ್ದು. ಮೂರಕ್ಕೂ ಸೇರಿ ನೀರು ನೋಡಿಕೊಳ್ಳುವ ಒಬ್ಬ ನೀರ್ಗಂಟಿ ಇಲ್ಲ. ಗಿಡ ಕೊಳ್ಳಲು ದುಡ್ಡು ಬೇಗ ಸೇರುತ್ತದೆ, ದೀಪಾವಳಿಯಿಂದ ಜೂನ್‌ವರೆಗೆ ನೀರು ಹಾಕುವ ಕೂಲಿಗೆ ಸೇರುವುದಿಲ್ಲ. ನಮ್ಮ ಮೊದಲ ವರ್ಷದ ಗಿಡಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು, ಅವೂ ಆಬಾ ಮನೆಯ ಸೊಸೆ ಕೊಡದಲ್ಲಿ ನೀರು ಹೊತ್ತು ಹಾಕಿದವು. ಈಗ ಅವರಿಗೆ ತಿಂಗಳ ಕೂಲಿ ಕೊಡುತ್ತೇವೆ.

ಈ ಸಲ ಹೊಸ ಗಿಡ ನೆಡುವುದಿಲ್ಲ ಅಂತ ಗುಂಪಿನಲ್ಲಿ ತೀರ್ಮಾನವಾಗಿದೆ. ಬದುಕಿರುವ ಹೊಳೆಮತ್ತಿಗಳಿಗೆ ಮುಳ್ಳುಬೇಲಿ ಕಟ್ಟಬೇಕು. ಹಳೆಯ ಬೇಲಿಯನ್ನು ಯಾರೋ ಹೋಳಿ ಹಬ್ಬದ ಬೆಂಕಿಗೆ ಹೊತ್ತೊಯ್ದಿದ್ದಾರೆ, ಆಡುಗಳು ಆಗಲೇ ಎರಡರ ಚಿಗುರು ತಿಂದಿವೆ.